ವಜ್ರ ಹಾಕಿದ ದವಡೆ

ಹೋದ ತಿಂಗಳು ಹಳೆಯ ಕುರ್ಚಿಯೊಂದನ್ನು ರಿಪೇರಿಗೆ ಕೊಡಲು ಚಾಮರಾಜಪೇಟೆಗೆ ಹೋಗಿದ್ದೆ. ಬಡಗಿಯ ಅಂಗಡಿಯೊಳಗೆ ಕಾಲಿಟ್ಟರೆ ಕೊಳೆತ ಚರ್ಮದಂಥ ವಾಸನೆ. ಒಲೆಯ ಮೇಲಿನ ಡಬ್ಬಿಯಲ್ಲಿ ಕಂದು ಬಣ್ಣದ್ದೇನೋ ಕುದಿಯುತ್ತಿತ್ತು. ಏನದು ಎಂದು ಮೂಗು ಮುಚ್ಚಿಕೊಂಡೇ ಕೇಳಿದೆ.

"ವಜ್ರ ಮೇಡಂ," ಎಂದರು ಬಡಗಿ. ನನ್ನ ಮುಖ ನೋಡಿ ನಗು ಬಂತೇನೋ. "ಮರವಜ್ರ, ಅಂಟು. ಎಮ್ಮೆ ಚರ್ಮ, ಮೂಳೆ ಬೇಯ್ಸಿ ಮಾಡ್ತಾರೆ. ನಾವ್ ಬಡಗಿಗಳು ಬರೀ ವಜ್ರ ಅಂತೀವಿ."

ಕುರ್ಚಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಫುಟ್‌ಪಾತಿನ ಮೇಲೆ ಕುಳಿತುಬಿಟ್ಟೆ. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ, ಮೊದಲು ನನ್ನ ಮೇಲೆಯೇ.

ಬಸವನಗುಡಿಯ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರ ಓದುತ್ತಿದ್ದಾಗ, ಅಲ್ಲಿಯ ಪುಟ್ಟ ಮ್ಯೂಸಿಯಂ ನೋಡಿಕೊಳ್ಳುವ ಅಟೆಂಡರ್ ಒಬ್ಬರಿದ್ದರು. ನಾವೆಲ್ಲ ಅವರನ್ನು ಮ್ಯೂಸಿಯಂ ಅಣ್ಣ ಎನ್ನುತ್ತಿದ್ದೆವು. ಬಡಗಿಗಳ ಮನೆತನದವರು. ಬೀಗದ ಕೈ ಸದಾ ಅವರ ಸೊಂಟದಲ್ಲೇ. ಕಡಲೆಕಾಯಿ ತಿಂದ ಕೈಯಲ್ಲಿ ಒಳಗೆ ಬಂದರೆ ನಲ್ಲಿಯ ಕಡೆಗೆ ಬೆರಳು ತೋರಿಸುತ್ತಿದ್ದರು. ಅವರ ಹೆಮ್ಮೆಯೆಲ್ಲ ಒಂದು ದವಡೆ. ಹಿಂದಿನ ಪ್ರೊಫೆಸರೊಬ್ಬರು ನದಿಯ ದಂಡೆಯಿಂದ ತಂದದ್ದು; ನಮ್ಮ ಎಮ್ಮೆಯ ದೂರದ ನೆಂಟ, ಯಾವತ್ತೋ ವಂಶ ಅಳಿದುಹೋದ ಪ್ರಾಣಿ ಎಂದು ಬರೆದಿಟ್ಟಿದ್ದರು. ಎತ್ತಿಕೊಂಡರೆ ಕಲ್ಲಿನಷ್ಟು ಭಾರ. ಅಣ್ಣ ಅದನ್ನು ಹತ್ತಿಬಟ್ಟೆಯಲ್ಲಿ ಒರೆಸುತ್ತ ತಮ್ಮಷ್ಟಕ್ಕೆ ಏನೋ ಗುನುಗುತ್ತಿದ್ದರು... ಏನೆಂದು ಈಗ ನೆನಪಿಲ್ಲ.

ಎಷ್ಟೋ ವರ್ಷಗಳ ಮೇಲೆ ನಾನು ಹಳೆಯ ಮೂಳೆಗಳ ಪ್ರೋಟೀನ್ ಓದುವ ಪ್ರಯೋಗಾಲಯ ಸೇರಿದೆ. ಡಿಎನ್ಎ ಬೇಗ ಹಾಳಾಗುತ್ತದೆ, ಪ್ರೋಟೀನ್ ಅದಕ್ಕಿಂತ ಗಟ್ಟಿ. ಅದರ ತುಣುಕುಗಳನ್ನು ಇಂದಿನ ಪ್ರಾಣಿಗಳ ಪ್ರೋಟೀನಿನ ಜೊತೆ ಹೋಲಿಸಿದರೆ, ಅಳಿದುಹೋದ ಪ್ರಾಣಿ ಯಾರ ಬಳಗ, ಎಲ್ಲಿ ಕವಲೊಡೆಯಿತು ಎಂದು ಹೇಳಬಹುದು. ನನಗೆ ತಕ್ಷಣ ನೆನಪಾದದ್ದು ಆ ದವಡೆ. ಬೀಗುತ್ತ ಕಾಲೇಜಿಗೆ ಹೋದೆ.

ವಿಭಾಗದ ಮುಖ್ಯಸ್ಥರಿಗೆ ದವಡೆಯ ಅಂದ ಕೆಡಬಾರದಿತ್ತು. ಹಿಂದಿನ ಮೂಲೆಯಲ್ಲಿ ಚೂರು ಕೊರೆದುಕೊಳ್ಳಿ ಎಂದರು. ಅಣ್ಣ ಅಡ್ಡ ಬಂದರು.

"ಅಲ್ಲಿ ಬೇಡಮ್ಮ. ಬಿರುಕು ಬಿಟ್ಟಿತ್ತು, ನಾನು ವಜ್ರ ಹಾಕಿದೀನಿ. ಹಲ್ಲಲ್ಲಿ ತಗೋ."

"ವಜ್ರ ಹಾಕಿದಾರಂತೆ! ಹಾಗಾದ್ರೆ ಇದನ್ನ ಬ್ಯಾಂಕ್ ಲಾಕರಲ್ಲಿಡ್ಬೇಕಿತ್ತು ಕಣ್ರೀ," ಎಂದರು ಮುಖ್ಯಸ್ಥರು. ಸುತ್ತ ನಿಂತಿದ್ದ ಲೆಕ್ಚರರುಗಳು ನಕ್ಕರು. ನಾನೂ ನಕ್ಕೆ. ವಜ್ರದಷ್ಟು ಗಟ್ಟಿಯಾಗಿ ಕೂರಿಸಿದ್ದೇನೆ ಎಂದು ಜಂಬ ಕೊಚ್ಚುತ್ತಿದ್ದಾರೆ ಎಂದುಕೊಂಡೆ. ಮಲ್ಲೇಶ್ವರದ ಗುಮಾಸ್ತರ ಮನೆಯಲ್ಲಿ ಬೆಳೆದ ನನಗೆ ವಜ್ರವೆಂದರೆ ಅಮ್ಮನ ಮೂಗುಬೊಟ್ಟು, ಅಷ್ಟೇ. ಹಾಗೆಂದರೇನು ಅಣ್ಣ ಎಂದು ಒಂದು ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಮೂಲೆಯಲ್ಲೇ ಕೊರೆದೆ. ಪ್ರೋಟೀನ್ ಧಾರಾಳವಾಗಿ ಸಿಕ್ಕಿತು. ನಮ್ಮ ಸೆಕೆಯ ನಾಡಿನಲ್ಲಿ ಅಷ್ಟು ಹಳೆಯ ಮೂಳೆಯಲ್ಲಿ ಚೂರು ಉಳಿದರೇ ಹೆಚ್ಚು. ಅಷ್ಟೊಂದು ಸಿಕ್ಕಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ; ಖುಷಿಯಾಯಿತು, ಥೂ! ಉತ್ತರ ಬಂತು: ಇಂದಿನ ಎಮ್ಮೆ, ಅಪ್ಪಟ ಎಮ್ಮೆ.

ಮುಖ್ಯಸ್ಥರು ಒಂದು ದಿನವೂ ಕಾಯಲಿಲ್ಲ. ಬೀಗದ ಕೈ ಯಾರ ಹತ್ತಿರ ಇತ್ತು? ಅಸಲಿ ದವಡೆಯನ್ನು ಮಾರಿಕೊಂಡು ಕಸಾಯಿ ಅಂಗಡಿಯ ಮೂಳೆ ತಂದಿಟ್ಟಿದ್ದಾನೆ ಎಂದು ಸೆಮಿನಾರ್ ಹಾಲಿನಲ್ಲಿ ಎಲ್ಲರೆದುರು ಹೇಳಿದರು. ಹೊಸ ಮೂಳೆ ಅಷ್ಟು ಭಾರವಿರುವುದಿಲ್ಲ; ಎತ್ತಿದರೆ ತಿಳಿಯುತ್ತಿತ್ತು, ಒಬ್ಬರೂ ಎತ್ತಿ ನೋಡಲಿಲ್ಲ. ಅಣ್ಣ ನನ್ನ ಕಡೆ ತಿರುಗಿದರು. "ದಿನಾ ಒರೆಸಿರೋ ಮೂಳೆ ನಂಗೊತ್ತಾಗಲ್ವೇನಮ್ಮ? ನೀನಾದ್ರೂ ಹೇಳು."

"ಮಷೀನ್ ಸುಳ್ಳು ಹೇಳಲ್ಲ ಅಣ್ಣ," ಎಂದೆ.

ಮಷೀನ್ ಸುಳ್ಳು ಹೇಳಿರಲಿಲ್ಲ ನಿಜ. ನಾನು ಕೊಟ್ಟ ಅಂಟನ್ನು ಓದಿ ಅಂಟು ಯಾವ ಪ್ರಾಣಿಯದು ಎಂದು ಹೇಳಿತ್ತು. ಅಂಟಿನಿಂದ ಹೀಗಾಗುತ್ತದೆ ಎಂದು ಅಣ್ಣನಿಗೆ ತಿಳಿಯುವ ಹಾಗಿರಲಿಲ್ಲ; ತಿಳಿಯಬೇಕಾದದ್ದು ನನಗೆ. ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಅವರನ್ನು ಕೆಲಸದಿಂದ ತೆಗೆದರು. ದವಡೆ ಕಸದ ಲಾರಿಗೆ ಹೋಯಿತು, ಹಲ್ಲಿನ ಸಮೇತ. ಮೂಳೆಗಿಂತ ಎಷ್ಟೋ ಹೆಚ್ಚು ಕಾಲ ಹಲ್ಲಿನ ಎನಾಮೆಲ್ ತನ್ನ ಪ್ರೋಟೀನನ್ನು ಕಾಪಾಡಿಕೊಳ್ಳುತ್ತದೆ. ಅಲ್ಲಿ ಅಂಟು ಇಳಿಯುವುದೂ ಇಲ್ಲ. ಅಣ್ಣ ತೋರಿಸಿದ್ದು ಸರಿಯಾದ ಜಾಗವನ್ನೇ.

ಬಡಗಿಯ ಅಂಗಡಿಗೆ ಹೋದ ಮರುದಿನವೇ ವಿಚಾರಿಸಿಕೊಂಡು ಗವಿಪುರದ ಅವರ ಮನೆಗೆ ಹೋದೆ. ಅಣ್ಣ ತೀರಿಕೊಂಡು ಮೂರು ವರ್ಷವಾಗಿತ್ತು. ಮಗಳು ಬಾಗಿಲಲ್ಲೇ ನಿಂತು ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು.

"ಅಪ್ಪ ಸಾಯೋವರ್ಗೂ ಆ ಕಾಲೇಜ್ ರಸ್ತೇಲಿ ನಡೀಲಿಲ್ಲ. ಸುತ್ಕೊಂಡ್ ಹೋಗ್ತಿದ್ರು," ಎಂದರು. "ನೀವ್ ಇಲ್ಲಿ ನನ್ ಹತ್ರ ಅಳ್ಬೇಡಿ. ಎಲ್ಲಿ ಕಳ್ಳ ಅಂದ್ರೋ ಅಲ್ಲೇ ಹೋಗಿ ಹೇಳಿ."

ಕಾಲೇಜಿಗೆ ಬರೆದೆ. ಅದೇ ಸೆಮಿನಾರ್ ಹಾಲಿನಲ್ಲಿ ಹತ್ತು ನಿಮಿಷ ಕೊಡಿ ಎಂದೆ. ಅಂದಿನ ಮುಖ್ಯಸ್ಥರು ಈಗ ಪ್ರಿನ್ಸಿಪಾಲರು. ಹಳೆಯ ವಿಷಯ, ಸಂಸ್ಥೆಯ ಗೌರವದ ಪ್ರಶ್ನೆ, ಕೆದಕುವುದು ಬೇಡ ಎಂದು ಉತ್ತರ ಬಂದಿದೆ. ಸಂಸ್ಥೆಗೆ ಗೌರವವಂತೆ! ಅಣ್ಣನಿಗೆ ಇರಲಿಲ್ಲವೇ ಅದು?

ಆ ಪ್ರಾಣಿ ಯಾವುದು, ಎಮ್ಮೆಯ ಬಳಗದಿಂದ ಎಲ್ಲಿ ಬೇರೆಯಾಯಿತು ಎಂದು ಆ ದವಡೆಯಿಂದ ಇನ್ನು ಯಾರೂ ಓದಲಾರರು... ಆ ನಷ್ಟವನ್ನು ತುಂಬಿಕೊಡಲು ನನ್ನಿಂದಾಗದು. ಆ ಸೆಮಿನಾರ್ ಹಾಲ್ ಸಿಗುವವರೆಗೂ ಕೇಳುತ್ತಲೇ ಇರುತ್ತೇನೆ. ಸದ್ಯಕ್ಕೆ ಇಲ್ಲಿ ಹೇಳುತ್ತೇನೆ. ಅವರು ಕದ್ದಿರಲಿಲ್ಲ. ಎಲ್ಲಿ ಕೊರೆಯಬಾರದು ಎಂದು ನನಗೆ ಬಿಡಿಸಿ ಹೇಳಿದ್ದರು, ನಾನು ನಕ್ಕಿದ್ದೆ.