ಹಿಮಪಾತಕ್ಕೆ ಮೊದಲು ಮಂಡಿನೋವು

ಅಮೆರಿಕದ ಕರಾವಳಿಯಲ್ಲಿ ಚಳಿಗಾಲದ ಬಿರುಗಾಳಿ ಎದ್ದು ಮಳೆ, ಗುಡುಗು, ಹಿಮ ಒಟ್ಟಿಗೇ ಸುರಿಯುತ್ತಿವೆಯಂತೆ. ನಮ್ಮ ನ್ಯೂಯಾರ್ಕ್ ವಿಮಾನ ರದ್ದು. ಇಲ್ಲಿ ನೈರೋಬಿ ನಿಲ್ದಾಣದ ಹೊರಗೆ ಹಪ್ಪಳ ಒಣಗಿಸುವಂಥ ಬಿಸಿಲು.

"ನನಗೆ ಬೇರೆ ಸೀಟು?" ಎಂದು ದೊಡ್ಡ ಸಾಹೇಬನಂತೆ ಕೌಂಟರಿಗೆ ನುಗ್ಗಿದೆ. ಅಲ್ಲಿದ್ದಾಕೆ ಪೆನ್ನು ಕೆಳಗಿಟ್ಟು ಕೈಕಟ್ಟಿ ಕುಳಿತರು.

ಸಾಲಿನಲ್ಲಿ ಪರಿಚಯವಾದ ಶಾರದಾ ಆಂಟಿ ಮೈಸೂರಿನವರು, ಇಲ್ಲೇ ನೈರೋಬಿಯ ಪಂಗಾನಿ ಬಡಾವಣೆಯಲ್ಲಿ ನೆಲೆಸಿದ ಟೀಚರ್, ಮಗಳ ಹೆರಿಗೆಗೆ ಹೊರಟವರು. "ಲೋ, ಇಲ್ಲಿ ಮೊದ್ಲು ಕ್ಷೇಮ ವಿಚಾರಿಸ್ಬೇಕು ಕಣೋ. ಸರಿ ಆಕಡೆ" ಎಂದು ಗದರಿದರು. ಸ್ವಾಹಿಲಿಯಲ್ಲಿ "ಹಬಾರಿ", ಹೇಗಿದ್ದೀರಿ, ಎಂದು ಶುರು ಮಾಡಿ ಕೌಂಟರಿನಾಕೆಯ ನಿದ್ದೆ, ಮಕ್ಕಳು, ತಾಯಿಯ ಮಂಡಿನೋವು ಎಲ್ಲ ಕೇಳಿದರು. ಹೆರಿಗೆಯ ವಿಷಯ ಕೊನೆಗೆ ಬಂತು. ಆಂಟಿಗೆ ನಾಳೆ ಬೇರೆ ದಾರಿಯ ವಿಮಾನದಲ್ಲಿ ಸೀಟು ಸಿಕ್ಕೇಬಿಟ್ಟಿತು! ಅವರು ಕಣ್ಣೊರೆಸಿಕೊಂಡರು.

ನಾನೂ ಥೇಟ್ ಆಂಟಿಯಂತೆಯೇ ದನಿ ಎಳೆದು, ಕತ್ತು ಓಲಾಡಿಸಿ, "ಹಬಾರಿ, ತಾಯಿಯ ಮಂಡಿ ಹೇಗಿದೆ?" ಎಂದೆ.

ಆಕೆ ಬಿದ್ದು ಬಿದ್ದು ನಕ್ಕರು. "ಐದು ನಿಮಿಷದಲ್ಲಿ ವಾಸಿಯಾಗಿಲ್ಲ. ನಿಮ್ಮ ಸೀಟು ಮೂರು ದಿನ ಬಿಟ್ಟು."

ನಾನು ಪೆಚ್ಚಾಗಿ ತಿರುಗಿದೆ. ಆಂಟಿಯೂ ನಗುತ್ತಿದ್ದರು.

"ಅಲ್ಲೀವರೆಗೆ ನಮ್ಮನೇಲಿರು ಬಾರೋ. ನಾಳೆ ನಾನು ಹೋದ್ಮೇಲೆ ನಮ್ಮ ಯಜಮಾನ್ರನ್ನ ಇದೇ ದನೀಲಿ ಬೈತಾ ಇರು. ಪಾಪ, ಅವ್ರಿಗೆ ಬೇಜಾರಾಗ್ಬಾರ್ದು."