ಮಾತಾಡದ ಲಾಗಿನ್ ಪರದೆ

ಆ ಕಾಗದದ ಕಾರ್ಖಾನೆಯಲ್ಲಿ ಲೈನಕ್ಕ ಎಂದರೆ ಗೊತ್ತಿಲ್ಲದವರಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರು. ಹೊರಗಿನಿಂದ ಬಂದ ಕರೆಯೆಲ್ಲ ಅವಳ ಕಿವಿ ದಾಟಿಯೇ ಒಳಗೆ ಹೋಗಬೇಕು. ಚಿಕ್ಕಂದಿನಲ್ಲಿ ಜ್ವರ ಬಂದು ಕಣ್ಣು ಹೋದವು. ಬಾಯಿ ಮಾತ್ರ ಯಾವ ಜ್ವರಕ್ಕೂ ಬಗ್ಗಲಿಲ್ಲ. ಬಾಯ್ಲರ್ ಮನೆಯ ಫೋರ್‌ಮನ್ ಕೂಡ ಅವಳ ಹತ್ತಿರ ನಾಲಿಗೆ ಬಿಗಿಹಿಡಿದು ಮಾತಾಡುತ್ತಿದ್ದ. “ಅವಳದ್ದು ಗಂಡೆದೆ ಕಣಯ್ಯ” ಎನ್ನುತ್ತಿದ್ದರು ಜನ. ಎಂಥ ಗಂಡೆದೆ, ಮಣ್ಣು! ನಿಜ ಹೇಳಬೇಕೆಂದರೆ ಅವಳಂಥ ಪುಕ್ಕಲಿ ಇಡೀ ಕಾರ್ಖಾನೆಯಲ್ಲೇ ಇರಲಿಲ್ಲ. ಇಟ್ಟ ಲೋಟ ಇಟ್ಟಲ್ಲಿ ಕೈಗೆ ಸಿಗದಿದ್ದರೆ ಸಾಕು, ಎದೆ ಡವಡವ ಎನ್ನುತ್ತಿತ್ತು. ಆ ಹೆದರಿಕೆ ಹೊರಗೆ ಕಾಣಬಾರದೆಂದೇ ಬಾಯಿ ಜೋರು ಮಾಡಿಕೊಂಡಿದ್ದಳು.

ಹೋದ ವಾರ ಹೊಸ ಮ್ಯಾನೇಜರು ಅವಳ ಮೇಜಿನ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡಿದ್ದ. “ನೋಡಿಯಮ್ಮ, ಕರೆ ತಾನೇ ತಿರುಗಿಸೋ ಯಂತ್ರ ಬಂದಿದೆ. ಈ ಸೀಟು ಮೂಗಿಗಿಂತ ಮೂಗುತಿ ಭಾರ ಅನ್ನೋ ಹಾಗಾಗಿದೆ. ಸೋಮವಾರ ಹೆಡ್ಡಾಫೀಸಿನವರು ಬರ್ತಾರೆ. ಅವರೆದುರಿಗೆ ಕಂಪ್ಯೂಟರ್ ಶುರು ಮಾಡೋದರಿಂದ ಹಿಡಿದು ಎಲ್ಲಾ ನೀವೊಬ್ಬರೇ ಮಾಡಿ ತೋರಿಸಿ. ಆಗ್ಲಿಲ್ಲ ಅಂದ್ರೆ ಉಗ್ರಾಣದಲ್ಲಿ ಒಂದು ಕುರ್ಚಿ ಹಾಕಿಸ್ತೀನಿ. ಸಂಬಳ ಬರುತ್ತೆ, ಸುಮ್ನೆ ಕೂತಿರಿ.”

ಸುಮ್ಮನೆ ಕೂರುವುದು! ಹರೆಯವಿಡೀ ಅವಳು ಅಕ್ಕನ ಮನೆಯ ಮೂಲೆಯಲ್ಲಿ ಸುಮ್ಮನೆಯೇ ಕೂತಿದ್ದಳು. ಬಂದ ನೆಂಟರು ಅವಳನ್ನು ಮಾತಾಡಿಸದೆ, “ಇದಕ್ಕೆ ಊಟ ಆಯ್ತಾ?” ಎಂದು ಅಕ್ಕನನ್ನು ಕೇಳುತ್ತಿದ್ದರು. ಇವಳಿಗೆ ಅಲ್ಲ, ಇದಕ್ಕೆ. ಈ ಎಕ್ಸ್‌ಚೇಂಜಿನ ಕುರ್ಚಿ ಸಿಕ್ಕ ಮೇಲೆ ಯಾರೂ ಹಾಗೆ ಕೇಳಿರಲಿಲ್ಲ. ಆ ಕುರ್ಚಿ ಹೋದರೆ ಮತ್ತೆ ಮೂಲೆ, ಮತ್ತೆ ‘ಇದು’. ಸಾವಿಗಿಂತ ಹೆಚ್ಚಾಗಿ ಅವಳು ಅದಕ್ಕೆ ಹೆದರುತ್ತಿದ್ದಳು.

ಸೋಮವಾರ ಬೆಳಿಗ್ಗೆ ಬೇಗನೇ ಬಂದು ಹೆಡ್‌ಫೋನು ಸಿಕ್ಕಿಸಿಕೊಂಡು ಕಂಪ್ಯೂಟರ್ ಹಾಕಿದಳು. ಪ್ರತಿದಿನ ಲಾಗಿನ್ ಪರದೆ ಮೂಡುತ್ತಲೇ ಒಂದು ಹೆಣ್ಣುದನಿ ಒಬ್ಬೊಬ್ಬರ ಹೆಸರು ಓದಿ ಹೇಳುತ್ತಿತ್ತು. ತನ್ನ ಹೆಸರು ಬಂದಾಗ ಇವಳು ಪಾಸ್‌ವರ್ಡ್ ಒತ್ತುತ್ತಿದ್ದಳು. ಇವತ್ತು ದನಿಯಿಲ್ಲ. ಕಾದಳು. ಇಲ್ಲ. ಅಂದಾಜಿನ ಮೇಲೆ ಪಾಸ್‌ವರ್ಡ್ ಹೊಡೆದಳು. ಇಲ್ಲ. ಇನ್ನೊಂದು ಸಲ ಹೊಡೆದಳು.

ಪಕ್ಕದ ಮೇಜಿನ ಟೈಪಿಸ್ಟು ಆಗಷ್ಟೇ ಬಂದವಳು ಪರದೆಗೆ ಬಗ್ಗಿದಳು. “ಅಯ್ಯೋ ಅಕ್ಕಾ, ರಾತ್ರಿ ಪಾಳಿಯವನ ಹೆಸರಿಗೆ ನಿನ್ನ ಪಾಸ್‌ವರ್ಡ್ ಹಾಕ್ತಿದೀಯಲ್ಲೇ! ಅವನ ಖಾತೆಗೇ ಬೀಗ ಬಿತ್ತು ನೋಡು.”

“ಬೀಳಲಿ ಬಿಡು, ಹೇಗೂ ಅವನು ಇಲ್ಲಿ ನಿದ್ದೆ ಮಾಡೋಕೇ ಬರೋದು” ಎಂದಳು ಲೈನಕ್ಕ. ಬಾಯಿ ಹಾಗಂದಿತು, ಕೈ ಮಾತ್ರ ಮೊಬೈಲು ಹುಡುಕುತ್ತಿತ್ತು.

ವಿಷಯ ಇಷ್ಟು. ರಜೆಯಲ್ಲಿ ಯಾರೋ ಈ ಕಂಪ್ಯೂಟರನ್ನು ಅಪ್‌ಡೇಟ್ ಮಾಡಿ, ಹಳೆಯ ಲಾಗಿನ್ ಮ್ಯಾನೇಜರ್ ತೆಗೆದು ಹೊಸದನ್ನು ಕೂರಿಸಿದ್ದರು. ಕಂಪ್ಯೂಟರಿನ ಬಾಗಿಲು ಕಾಯುವ ಸೇವೆ ಅದು: ಯಾರು ನೀನು ಎಂದು ಕೇಳಿ ಒಳಗೆ ಬಿಡುವುದು ಅದರ ಕೆಲಸ. ಕೊನೆಗೆ ಯಾರು ಒಳಹೊಕ್ಕರೋ ಅವರ ಹೆಸರನ್ನು ಈ ಹೊಸದು ಮೊದಲಿಗೆ ತೋರಿಸುತ್ತಿತ್ತು. ಒಂದೊಂದು ದಿನ ಒಂದೊಂದು ಹೆಸರು. ಕಣ್ಣಿದ್ದವರಿಗೆ ಏನು ಕಷ್ಟ? ಕಿವಿಯನ್ನೇ ನಂಬಿದವಳು ಏನು ಮಾಡಬೇಕು? ಕಂಪ್ಯೂಟರ್ ನೋಡಿಕೊಳ್ಳುವ ಎಂಜಿನಿಯರಿಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ಹೆಂಡತಿಯ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದ.

ಆದರೆ ಅವನು ಹಿಂದೆ ಅವಳಿಗೊಂದು ಹಿತ್ತಲ ಬಾಗಿಲು ತೋರಿಸಿಕೊಟ್ಟಿದ್ದ. ಅವಳ ಮೊಬೈಲು ತನ್ನ ಪರದೆಯ ಮೇಲಿದ್ದದ್ದನ್ನು ಓದಿ ಹೇಳುತ್ತಿತ್ತು. ಅದರಿಂದಲೇ ಆ ಕಂಪ್ಯೂಟರಿನೊಳಗೆ ನುಗ್ಗಬಹುದಿತ್ತು. ನುಗ್ಗಿದಳು. ಹೊಸ ಸೇವೆಯ ಸೆಟ್ಟಿಂಗ್ ಕಡತ ತೆಗೆದು ಸಾಲುಸಾಲಾಗಿ ಕೇಳಿಸಿಕೊಂಡಳು. ಪರದೆ ಓದುವ ದನಿಯ ಸಾಲು ಇತ್ತು, ಆದರೆ ಅದರ ಮುಂದೆ ‘ಈ ಸಾಲು ಬೇಡ’ ಎಂಬ ಗುರುತು ಹಾಕಿ ಸುಮ್ಮನಾಗಿಸಿದ್ದರು. ಗುರುತು ಅಳಿಸಿ, ಸೇವೆಯನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದಳು.

“ಹೆಸರುಗಳು ಬಂದ್ವು ಅಕ್ಕಾ” ಎಂದಳು ಟೈಪಿಸ್ಟು. ದನಿ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಮ್ಯಾನೇಜರ ನಗು, ಜೊತೆಗೆ ಗುರುತಿಲ್ಲದ ಒಂದು ಹೆಂಗಸಿನ ಗಂಭೀರ ಗಂಟಲು. ಲೈನಕ್ಕ ಮೊಬೈಲನ್ನು ಮತ್ತೆ ಕಿವಿಗೆ ಹಿಡಿದಳು. ಯೋಚಿಸು, ಯೋಚಿಸು! ಬಾಗಿಲು ಕಾಯುವ ಆ ಸೇವೆಯೂ ಕಂಪ್ಯೂಟರಿನ ಲೆಕ್ಕದಲ್ಲಿ ಬೇರೆಯೇ ಒಬ್ಬ ಬಳಕೆದಾರ. ಯಾರೂ ಒಳಗೆ ಬರುವ ಮೊದಲೇ ಎದ್ದು ಕೂರುವವನು. ಅವನಿಗೆ ಸ್ಪೀಕರ್ ಮುಟ್ಟುವ ಅನುಮತಿ ಉಂಟೋ ಇಲ್ಲವೋ? ಮೊಬೈಲಿನಲ್ಲಿ ಕೇಳಿದಳು. ಇಲ್ಲ! ಸದ್ದು ಹೊರಡಿಸಲು ಅನುಮತಿಯಿದ್ದವರ ಗುಂಪಿಗೆ ಅವನ ಹೆಸರನ್ನೂ ಸೇರಿಸಿದಳು. ಒಂದಕ್ಷರ ತಪ್ಪಿದರೂ ಕಥೆ ಮುಗಿಯಿತು.

“ಇವರೇ ಮೇಡಂ ನಮ್ಮ ಆಪರೇಟರು” ಎಂದ ಮ್ಯಾನೇಜರು. “ಏನಮ್ಮ, ಇನ್ನೂ ಒಳಗೇ ಹೋಗಿಲ್ವಾ? ಕರೆಗಳು ಕಾಯ್ತಿವೆ.”

“ಹೋಗ್ತಿದೀನಿ ಸಾರ್. ಬಾಗಿಲಲ್ಲಿ ಸ್ವಲ್ಪ ನೂಕುನುಗ್ಗಲು” ಎಂದು ಯಂತ್ರವನ್ನೇ ರೀಸ್ಟಾರ್ಟ್ ಮಾಡಿದಳು.

ಹಿಂದೆ ಯಾರೋ ಲೊಚಗುಟ್ಟಿದರು. “ಪರದೆ ಪೂರ್ತಿ ಕಪ್ಪಾಯ್ತಲ್ಲ” ಎಂದಳು ಟೈಪಿಸ್ಟು, ಅಳು ಬಂದವಳ ಹಾಗೆ. ಮ್ಯಾನೇಜರು ನಿಟ್ಟುಸಿರು ಬಿಟ್ಟ. “ಬಿಡಿ ಮೇಡಂ, ನಾನು ಹೇಳಿರಲಿಲ್ವಾ? ಏಳಮ್ಮ, ಸಾಕು. ಏನೇನೋ ಮುಟ್ಟಿ ಇದ್ದದ್ದನ್ನೂ ಕೆಡಿಸಿದ್ರಿ.”

ಉಗ್ರಾಣದ ಕುರ್ಚಿ, ಅಕ್ಕನ ಮನೆಯ ಮೂಲೆ, ಎಲ್ಲವೂ ಒಟ್ಟಿಗೆ ಲೈನಕ್ಕನ ಎದುರಿಗೆ ಬಂದು ನಿಂತವು. ಏಳಲೆಂದು ಮೇಜಿಗೆ ಕೈ ಊರಿದಳು. ಆಗ ಹೆಡ್‌ಫೋನಿನೊಳಗೆ, ಅವಳೊಬ್ಬಳಿಗೆ ಮಾತ್ರ ಕೇಳುವಷ್ಟು ಸಣ್ಣಗೆ, ಆ ಹೆಣ್ಣುದನಿ ರಾತ್ರಿ ಪಾಳಿಯವನ ಹೆಸರು ಹೇಳಿತು.

ಕೆಳಬಾಣ ಒತ್ತಿದಳು. ಉಗ್ರಾಣದವನ ಹೆಸರು. ಇನ್ನೊಮ್ಮೆ ಒತ್ತಿದಳು. ತನ್ನ ಹೆಸರು. ಪಾಸ್‌ವರ್ಡ್ ಹೊಡೆದಳು, ದನಿ ಅವಳನ್ನು ಒಳಗೆ ಕರೆಯಿತು.

“ನಮಸ್ಕಾರ, ಹೇಳಿ” ಎಂದಳು ಮೊದಲ ಕರೆಗೆ. “ಬಾಯ್ಲರ್ ಮನೆಯಾ? ಕೊಡ್ತೀನಿ, ಇರಿ.” ಎರಡನೆಯದು ಲಾರಿಯವರದ್ದು, ಗೇಟಿಗೆ ತಿರುಗಿಸಿದಳು. ಮೂರನೆಯವನು ಯಾರಿಗೋ ಬೈಯುತ್ತಿದ್ದ, ಅವನನ್ನು ಸಮಾಧಾನ ಮಾಡಿ ಲೆಕ್ಕದ ವಿಭಾಗಕ್ಕೆ ದಾಟಿಸಿದಳು.

“ಆದ್ರೆ… ಪರದೇಲಿ ಏನೂ ಇಲ್ವಲ್ಲಮ್ಮ!” ಎಂದ ಮ್ಯಾನೇಜರು.

“ಹೌದಾ ಸಾರ್? ಹೊಸ ಸೇವೆ ಚಿತ್ರ ಮೂಡಿಸೋದರಲ್ಲಿ ಎಡವಿರಬೇಕು. ಎಂಜಿನಿಯರ್ ಬಂದ ಮೇಲೆ ಹೇಳಿ ಸರಿ ಮಾಡಿಸೋಣ. ನನಗೇನೂ ಅವಸರ ಇಲ್ಲ.”

ಹೆಡ್ಡಾಫೀಸಿನ ಮೇಡಂ ಫಕ್ಕನೆ ನಕ್ಕರು. ಎಷ್ಟೋ ಹೊತ್ತು ಅಲ್ಲೇ ನಿಂತು, ಕಪ್ಪು ಪರದೆಯ ಮುಂದೆ ಒಂದಾದ ಮೇಲೊಂದು ಕರೆ ದಾಟುವುದನ್ನು ನೋಡಿದರು. ಆಮೇಲೆ ಮ್ಯಾನೇಜರಿಗೆ, “ಇವರು ಇಲ್ಲೇ ಇರ್ತಾರೆ” ಎಂದಷ್ಟೇ ಹೇಳಿ ಇಳಿದುಹೋದರು.

ಟೈಪಿಸ್ಟು ಓಡಿ ಬಂದು ಅಪ್ಪಿಕೊಂಡಳು. “ಎಂಥ ಧೈರ್ಯ ಅಕ್ಕಾ ನಿಂದು! ಬಾ, ಊಟಕ್ಕೆ ಹೋಗೋಣ.”

“ನೀನು ಹೋಗಿರು, ಬಂದೆ” ಎಂದಳು ಲೈನಕ್ಕ. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. “ತಡಿ, ಹೋಗಬೇಡ ಕಣೆ” ಎಂದು ಅವಳ ಕೈ ಹಿಡಿದುಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ ಬೇರೆಯವರೆದುರು ಗಟ್ಟಿಯಾಗಿ ಅತ್ತಳು. “ತುಂಬಾ ಹೆದರಿಕೆಯಾಗಿತ್ತು.”