ಶಬ್ದಕ್ಕೊಂದು ಕಪಾಟು

ನಿನ್ನೆ ನನ್ನ ಹೆಂಡತಿ ಮೇಜಿನ ಡ್ರಾಯರ್ ಚೊಕ್ಕಟ ಮಾಡುತ್ತಾ ಒಂದು ಕಪ್ಪು ಸ್ಪಂಜಿನ ಉಂಡೆಯನ್ನು ಹೊರತೆಗೆದು, ಇದರಲ್ಲಿ ಲೋಟ ತೊಳೆಯಬಹುದೇ ಎಂದು ಕೇಳಿದಳು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಒಂದು ಕಡೆ ತೂತು. ಹಾಗೆ ಕೇಳಿದ್ದು ಅವಳ ತಪ್ಪಲ್ಲ. ಆದರೆ ಅದು ನನ್ನ ಡಾಕ್ಟರೇಟಿನ ಟೋಪಿ. ಶಬ್ದ ಅಳೆಯುವ ಮೀಟರಿನ ಮೂತಿಗೆ, ಗಾಳಿಯ ಸದ್ದು ಒಳಗೆ ನುಗ್ಗದಿರಲಿ ಎಂದು ಹಾಕುವಂಥದ್ದು. ಮೀಟರನ್ನು ಹಿಂದಿರುಗಿಸುವಾಗ ಹೇಗೋ ನನ್ನ ಜೇಬಿನಲ್ಲೇ ಉಳಿದುಬಿಟ್ಟಿತ್ತು. ಬೇಡ, ಇಟ್ಟಿರು ಎಂದೆ. ಅವಳು ಅದನ್ನೊಮ್ಮೆ ಮೂಸಿ ನೋಡಿ ಡ್ರಾಯರಿಗೇ ಹಾಕಿದಳು.

ನಾನು ತಿ. ನರಸೀಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಸಂಶೋಧನೆ ಮಾಡಿದ್ದು ರೈಲಿನ ಶಬ್ದದ ಮೇಲೆ. ನರಸೀಪುರಕ್ಕೆ ರೈಲೇ ಇಲ್ಲ ಎಂಬುದು ನಿಮಗೆ ಗೊತ್ತಿದ್ದರೆ ಈಗಲೇ ನಕ್ಕುಬಿಡಿ. ನಮ್ಮ ಸ್ಟಾಫ್ ರೂಮಿನವರು ವರ್ಷಗಟ್ಟಲೆ ನಕ್ಕಿದ್ದಾರೆ. ಮೇಷ್ಟ್ರು ರೈಲಿನ ಬಗ್ಗೆ ಏನೋ ಸರ್ವೆ ಮಾಡುತ್ತಿದ್ದಾರಂತೆ ಎಂಬ ಸುದ್ದಿ ಹಬ್ಬಿ, ಬಸ್ ಸ್ಟ್ಯಾಂಡಿನ ಹೋಟೆಲಿನವರು ಸ್ಟೇಷನ್ ಯಾವ ಕಡೆ ಬರುತ್ತದೆಂದು ಗುಟ್ಟಾಗಿ ವಿಚಾರಿಸಿದರು. ನನಗೆ ಗೊತ್ತಿಲ್ಲ ಎಂದು ನಿಜ ಹೇಳಿದೆ. ನಿಜ ಹೇಳಿದಷ್ಟೂ ನನ್ನ ಕಾಫಿಗೆ ಹಾಲು ಹೆಚ್ಚಾಗುತ್ತಾ ಹೋಯಿತು.

ರೈಲಿದ್ದದ್ದು ನಂಜನಗೂಡಿನಲ್ಲಿ. ಅಲ್ಲಿ ಹಳಿಯ ಪಕ್ಕದ ಬೀದಿಯಲ್ಲಿ ನನ್ನ ಚಿಕ್ಕಮ್ಮನ ಮನೆ. ರಜೆ ಬಂತೆಂದರೆ ಬಸ್ಸು ಹತ್ತಿ ಹೋಗಿ ಅವರ ಮನೆಯ ಮುಂದೆ ಮೀಟರ್ ಹಿಡಿದು ನಿಲ್ಲುತ್ತಿದ್ದೆ. ಸ್ಪಂಜಿನ ಟೋಪಿ ಹಾಕಿದ ಆ ಮೀಟರ್ ಥೇಟ್ ಟೀವಿಯವರ ಮೈಕಿನಂತೆಯೇ ಕಾಣುತ್ತಿತ್ತು. ಮೊದಲ ದಿನವೇ ಬೀದಿಯ ಜನ ಸುತ್ತುವರಿದು ಚರಂಡಿ, ನಲ್ಲಿ ನೀರು, ಬೀದಿ ದೀಪ ಎಲ್ಲವನ್ನೂ ಅದರ ಮುಂದೆ ತೋಡಿಕೊಂಡರು. ಈ ಮಧ್ಯೆ ರೈಲೊಂದು ಬಂದು ಹೋದದ್ದನ್ನು ಯಾರೂ ಗಮನಿಸಲಿಲ್ಲ. ಮನೆಗೆ ಬಂದು ನೋಡಿದರೆ ಮೀಟರೂ ಗಮನಿಸಿರಲಿಲ್ಲ. ಅದರಲ್ಲಿ ಏರಿ ನಿಂತಿದ್ದದ್ದು ಚರಂಡಿಯ ಅಹವಾಲು. ಅವತ್ತಿನಿಂದ ಮನೆಯ ಹಿಂದುಗಡೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಅಳೆಯುವುದನ್ನು ರೂಢಿಸಿಕೊಂಡೆ.

ಅಳತೆಯ ಜೊತೆಗೆ ಜನರ ಅಭಿಪ್ರಾಯವೂ ಬೇಕಿತ್ತು. ರೈಲಿನ ಶಬ್ದದಿಂದಾಗುವ ಕಿರಿಕಿರಿ ಅತಿ ಹೆಚ್ಚೋ, ಹೆಚ್ಚೋ, ಸಾಧಾರಣವೋ ಎಂದು ಕೇಳಿ ಒಂದು ಚೌಕಕ್ಕೆ ಗುರುತು ಹಾಕಿಸುವುದು. ನನ್ನ ದುರದೃಷ್ಟಕ್ಕೆ ಮೊದಲು ಕೇಳಿದ್ದು ಚಿಕ್ಕಮ್ಮನನ್ನು.

"ರೈಲ್ನಿಂದ ಏನ್ ಕಿರಿಕಿರಿ ಕಣಪ್ಪ? ಬೆಳಗಿನ್ ಗಾಡಿ ಗೊಣಗ್ಕೊಂಡು ಓಯ್ತದೆ, ಪಾಪ, ಅದ್ಕೂ ನಿದ್ದೆ ಸಾಲ್ದು. ಗೂಡ್ಸು ಯಾರ್ನೋ ಬೈಕೊಂಡೇ ಓಯ್ತದೆ. ಬರೀ ಇಂಜಿನ್ ಬಂದಾಗ ಮಾತ್ರ ಎದೆ ಧಸಕ್ ಅಂತದೆ, ಗಾಡಿ ಎಲ್ ಬುಟ್ ಬಂತೋ ಅಂತ."

ಇದು ಯಾವ ಚೌಕಕ್ಕೆ ಹೋಗುತ್ತದೆ, ನೀವೇ ಹೇಳಿ. ಪಕ್ಕದ ಮನೆಯವರು ಕೇಳಿಸಿಕೊಂಡು ತಮ್ಮದೂ ಒಂದಷ್ಟು ಸೇರಿಸಿದರು. ಒಬ್ಬರಿಗೆ ರೈಲು ಲಟಲಟ ಅನ್ನುತ್ತಿತ್ತು, ಇನ್ನೊಬ್ಬರಿಗೆ ಅದೇ ರೈಲು ಗುಡುಗುಡು. ಮೈಸೂರಿನಲ್ಲಿದ್ದ ನನ್ನ ಗೈಡ್ ಇದನ್ನೆಲ್ಲ ನೋಡಿ ನಿಟ್ಟುಸಿರು ಬಿಟ್ಟು, ಕಡೆಯಲ್ಲಿ ಅನುಬಂಧ ಅಂತ ಮಾಡಿ ತುಂಬಿಬಿಡು ಎಂದರು. ಜನ ಆಡಿದ್ದನ್ನು ಆಡಿದ ಹಾಗೆಯೇ ತುಂಬಿದೆ.

ಪ್ರಬಂಧವನ್ನು ಕನ್ನಡದಲ್ಲಿ ಬರೆದೆ. ಇಂಗ್ಲಿಷಿನಲ್ಲಿ ಬರೆದರೆ ಭೌತಶಾಸ್ತ್ರದವರು ಮಾತ್ರ ಓದುತ್ತಾರೆ, ಕನ್ನಡದಲ್ಲಿ ಬರೆದರೆ ನಾಡೇ ಓದುತ್ತದೆ ಎಂಬುದು ನನ್ನ ಲೆಕ್ಕ. ಆದದ್ದೇನೆಂದರೆ, ನಾಡು ಓದಲಿಲ್ಲ, ಭೌತಶಾಸ್ತ್ರದವರೂ ಓದಲಿಲ್ಲ. ಹೆಸರಿಡುವಾಗಲೂ ಎಡವಿದೆ. ‘ರೈಲಿನ ಸದ್ದು’ ಎಂದರೆ ಡಾಕ್ಟರೇಟಿಗೆ ತೂಕ ಸಾಲದೆಂದು ‘ರೈಲ್ವೆ ಶಬ್ದ: ಒಂದು ಅಧ್ಯಯನ’ ಎಂದು ಭಾರಿಯಾಗಿಟ್ಟೆ. ಮೌಖಿಕ ಪರೀಕ್ಷೆಗೆ ಬಂದ ಹಿರಿಯರು ಪುಟ ತಿರುವಿ, ನಂಜನಗೂಡು ಎಂಬ ಪದ ಕಂಡು, ಈಗಲೂ ಒಳ್ಳೆಯ ರಸಬಾಳೆ ಸಿಗುತ್ತದೆಯೇ ಎಂದು ಕೇಳಿದರು. ಸಿಗುತ್ತದೆ ಎಂದೆ. ಡಾಕ್ಟರ್ ಆದೆ. ಹೆಂಡತಿ ಕೃತಜ್ಞತೆಯ ಪುಟದಲ್ಲಿ ತನ್ನ ಹೆಸರು ಎಷ್ಟನೆಯದೆಂದು ನೋಡಿ ಮುಚ್ಚಿಟ್ಟಳು. ನೀವು ನಗಬಹುದು, ಆದರೆ ನನಗೆ ನಿಜವಾಗಿ ಸಂಕಟವಾಗುತ್ತಿತ್ತು. ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಅದನ್ನು ಓದಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು.

ಆಗ ನಮ್ಮ ಕಾಲೇಜಿಗೆ ಡಿಜಿಟಲ್ ಲೈಬ್ರರಿ ಬಂತು. ಅದನ್ನು ನೋಡಿಕೊಳ್ಳುವ ಹೊಣೆ ಬಿದ್ದದ್ದು ನಮ್ಮ ಲೈಬ್ರರಿಯನ್ ಸುಂದ್ರಮ್ಮ ಮೇಡಂ ಮೇಲೆ. ನಂಜನಗೂಡಿನ ಪಕ್ಕದ ಚಿಕ್ಕಯ್ಯನಛತ್ರದ ಕಡೆಯವರು, ಪ್ರಿನ್ಸಿಪಾಲರೂ ಅಂಜುವಂಥ ಶಿಸ್ತಿನ ಹೆಂಗಸು. ಪುಸ್ತಕ ಕಾಗದದಿಂದ ಕಂಪ್ಯೂಟರಿಗೆ ಹೋದ ಮಾತ್ರಕ್ಕೆ ಲೈಬ್ರರಿಯ ನಿಯಮ ಏಕೆ ಬದಲಾಗಬೇಕು ಎಂಬುದು ಅವರ ವಾದ. ಫೋಲ್ಡರುಗಳಿಗೆ ಕಪಾಟು ಎಂದು ಹೆಸರಿಟ್ಟರು. ಇರುವುದು ಒಂದೇ ಪ್ರತಿಯಾದ್ದರಿಂದ ಒಂದು ಪುಸ್ತಕವನ್ನು ಒಮ್ಮೆಗೆ ಒಬ್ಬರೇ ತೆರೆಯಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ಕಂಪ್ಯೂಟರುಗಳ ಮೇಲೆ ಬಟ್ಟೆ ಹೊದಿಸಿ ಡಿಜಿಟಲ್ ಲೈಬ್ರರಿಯನ್ನು ಮುಚ್ಚುತ್ತಿದ್ದರು. ವರ್ಷಕ್ಕೊಮ್ಮೆ ಬಾಗಿಲು ಹಾಕಿಕೊಂಡು ಫೈಲುಗಳನ್ನು ಒಂದೊಂದಾಗಿ ಎಣಿಸಿ, ಯಾವುದೂ ಕಳುವಾಗಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಿದ್ದರು.

ನನ್ನ ಪ್ರಬಂಧವನ್ನೂ ಕೇಳಿ ಪಡೆದರು. ವಾರ ಕಳೆದ ಮೇಲೆ ಹಿಗ್ಗಿನಿಂದ ಹೋಗಿ ಭೌತಶಾಸ್ತ್ರದ ಕಪಾಟು ತೆರೆದರೆ ಅದಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಭಾಷೆಯ ಕಪಾಟಿನಲ್ಲಿ, ಮೇಲೊಂದು ವ್ಯಾಕರಣ, ಕೆಳಗೊಂದು ನಿಘಂಟು. ನಾನು ಹೌಹಾರಿದೆ. ಶಬ್ದ ಎಂದರೆ ಸೌಂಡು, ಇದು ವಿಜ್ಞಾನ ಎಂದೆ. "ಶಬ್ದ ಅಂದ್ರೆ ಮಾತೂ ಅಲ್ವಾ ಸಾ?" ಎಂದು ಮೇಡಂ ಮುಂದೇನೋ ಹೇಳಹೊರಟರು. ನಾನು ಬಿಡಲಿಲ್ಲ. ಶಬ್ದದ ಅಲೆ, ಆವರ್ತನ ಎಂದು ಅರ್ಧ ಗಂಟೆ ಪಾಠ ಮಾಡಿದೆ, ಅದೂ ಲೈಬ್ರರಿಯಲ್ಲಿ, ಏರಿದ ದನಿಯಲ್ಲಿ. ಅವರು ಗೋಡೆಯ ಮೇಲಿದ್ದ ‘ಸದ್ದು ಮಾಡಬೇಡಿ’ ಬೋರ್ಡಿನ ಕಡೆ ಕೈ ತೋರಿಸಿ, ಕಪಾಟು ಬದಲಾಯಿಸಬೇಕಾದರೆ ಕಮಿಟಿಗೆ ಅರ್ಜಿ ಕೊಡಬೇಕೆಂದರು. ಕೊಟ್ಟೆ. ನಮ್ಮ ಕಮಿಟಿ ಸೇರುವುದು ಅಪರೂಪ.

ಅಷ್ಟರಲ್ಲಿ ಪರೀಕ್ಷೆ ಬಂತು. ಶಬ್ದದ ಮೇಲೆ ಪುಸ್ತಕವಿದೆಯೆಂದು ಕನ್ನಡ ತರಗತಿಯ ಹುಡುಗಿಯರು ಬಂದರು. ಒಮ್ಮೆಗೆ ಒಬ್ಬರೇ ಎಂಬ ನಿಯಮದಿಂದಾಗಿ ನನ್ನ ಪ್ರಬಂಧ ತೆರೆಯಲು ಸಾಲು ನಿಂತಿತು! ಸಾಲು ಸರಸರ ಸರಿಯಿತು, ಏಕೆಂದರೆ ತೆರೆದವರೆಲ್ಲ ತಕ್ಷಣ ಮುಚ್ಚುತ್ತಿದ್ದರು. ಒಬ್ಬಳು ಮಾತ್ರ ನನ್ನನ್ನು ವರಾಂಡದಲ್ಲಿ ತಡೆದು, "ಸಾ, ಡೆಸಿಬೆಲ್ ಅನ್ನೋದು ತತ್ಸಮಾನೋ ತದ್ಭವಾನೋ?" ಎಂದಳು. ನಾನು ಕೆರಳಿ ನೆಟ್ಟಗೆ ಕಮಿಟಿಯ ಅಧ್ಯಕ್ಷರ ಬಳಿ ಹೋಗಿ ಕುಳಿತುಬಿಟ್ಟೆ.

ಅಂತೂ ಆದೇಶವಾಯಿತು. ಅದನ್ನು ಹಿಡಿದು ಲೈಬ್ರರಿಗೆ ಹೋದೆ. ಮೇಡಂ ಪ್ರಬಂಧವನ್ನು ಭೌತಶಾಸ್ತ್ರದ ಕಪಾಟಿಗೆ ಸರಿಸಿ, ಸಮಾಧಾನವಾಯಿತೇ ಎಂದು ಕೇಳಿದರು. ಆಯಿತು ಎಂದೆ.

"ನಿಮ್ ಚಿಕ್ಕಮ್ಮ ಆಡಿರೋ ಮಾತಿಗೆ ಅಂತ ಭಾಷೆ ಕಪಾಟಲ್ಲಿಟ್ಟಿದ್ದೆ ಸಾ. ಗೂಡ್ಸು ಬೈಕೊಂಡು ಓಯ್ತದೆ ಅಂತಾರಲ್ಲ, ಅದನ್ನ ಓದಿ ನಮ್ಮನೇಲೆಲ್ಲಾ ನಕ್ಕಿದ್ದೀವಿ."

ಅನುಬಂಧವನ್ನು ಓದಿದ್ದೀರಾ ಎಂದು ಕೇಳಿದ ನನ್ನ ದನಿ ನನಗೇ ಕೇಳಲಿಲ್ಲ.

"ಓದ್ದೇ ಯಾವ ಕಪಾಟಲ್ಲಿಡ್ಲಿ ಸಾ? ಪೂರ್ತಿ ಓದಿದ್ದೀನಿ. ನಾಲ್ಕನೇ ಅಧ್ಯಾಯ ಒಂದು ಬಿಟ್ಟು. ಅದು ಆಗ್ಲಿಲ್ಲ."

ನಾಲ್ಕನೆಯದು ನನ್ನ ಸಮೀಕರಣಗಳ ಅಧ್ಯಾಯ. ಡಾಕ್ಟರೇಟ್ ಸಿಕ್ಕಿದ್ದೇ ಅದಕ್ಕೆ. ಆದರೂ ಆ ಕ್ಷಣ ನನಗಾದ ಸಂತೋಷ ಡಾಕ್ಟರೇಟ್ ಬಂದ ದಿನ ಆಗಿರಲಿಲ್ಲ. ಊರೆಲ್ಲ ಹುಡುಕಿದ ಓದುಗರು ನಮ್ಮ ಕಟ್ಟಡದಲ್ಲೇ ಇದ್ದರು, ಅವರೊಡನೆ ನಾನು ತಿಂಗಳುಗಟ್ಟಲೆ ಜಗಳವಾಡಿದ್ದೆ. ಹಾಗಿದ್ದರೆ ವಾಪಸು ಅಲ್ಲೇ ಇಡಿ ಎನ್ನಬೇಕೆನಿಸಿತು. ಕಮಿಟಿಯ ಆದೇಶ ಕೈಯಲ್ಲೇ ಇತ್ತು. ಯಾವ ಮುಖದಲ್ಲಿ ಹೇಳಲಿ?

ಅಂದಿನಿಂದ ಇಂದಿನವರೆಗೂ ಅದು ಭೌತಶಾಸ್ತ್ರದ ಕಪಾಟಿನಲ್ಲಿ ಗೌರವವಾಗಿ ಕುಳಿತಿದೆ. ಸಾಲಿನ ಮಾತಿರಲಿ, ಒಬ್ಬರೂ ತೆರೆದಿಲ್ಲ. ನಿನ್ನೆ ಇದೆಲ್ಲ ನೆನಪಾದ ಮೇಲೆ ತಡೆಯಲಾಗಲಿಲ್ಲ. ಇವತ್ತು ಕಾಲೇಜಿಗೆ ಹೋದವನೇ ಇನ್ನೊಂದು ಅರ್ಜಿ ಬರೆದು ಮೇಡಂ ಮುಂದಿಟ್ಟೆ. ಅವರು ನಿಧಾನವಾಗಿ ಓದಿ, ಒಂದು ಕಾಗುಣಿತ ತಿದ್ದಿ, ಮತ್ತೆ ಕಮಿಟಿ ಸೇರಬೇಕಾಗುತ್ತದೆ, ಯೋಚನೆ ಮಾಡಿದ್ದೀರಾ ಎಂದರು. ಮಾಡಿದ್ದೇನೆ, ಜನ ಓದುವ ಕಡೆ ಇರಲಿ ಎಂದೆ.

ಮೇಡಂ ಅರ್ಜಿಯನ್ನು ನನ್ನ ಕಡೆಗೇ ತಿರುಗಿಸಿ ಪೆನ್ನು ಕೊಟ್ಟರು.

"ಆ ನಾಲ್ಕನೇ ಅಧ್ಯಾಯ ಮಾತ್ರ ಫಿಸಿಕ್ಸಲ್ಲೇ ಬಿಟ್ಬಿಡಾಣ ಸಾ."

ಅರ್ಜಿಯ ಕೆಳಗೆ ಅದನ್ನೂ ಒಂದು ಸಾಲು ಸೇರಿಸಿ ಸಹಿ ಹಾಕಿದೆ.